ಇಂಗ್ಲಿಷಿನ ‘ಮರ್ಮರ್’ ಕ್ರಿಯಾಪದವು ಸಂಸ್ಕೃತದ ‘ಮರ್ಮರ’ದಿಂದ ಬಂದದ್ದೇ?

ಇಂಗ್ಲಿಷಿನ ‘ಮರ್ಮರ್’ ಎಂಬ ಕ್ರಿಯಾಪದದ ಸರಿಯಾದ ಅರ್ಥವೇನು, ಅದು ನಮ್ಮ ‘ಮರ್ಮರ’ದಿಂದಲೇ ಹುಟ್ಟಿದ ಪದವೇ ಎಂದು ತಾವು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಅಲ್ಲ. ಲ್ಯಾಟಿನ್ನಿನ ‘ಮುರ್ಮುರಾರೆ’ ಫ್ರೆಂಚಿಗೆ ಬಂದು, ಅಲ್ಲಿಂದ ಇಂಗ್ಲಿಷನ್ನು ಸೇರಿತು. 14ನೆಯ ಶತಮಾನದ ಕೊನೆಗೆ, ಕವಿ ಚಾಸರನ ಕಾಲಕ್ಕೆ, ಅದು ಅಲ್ಲಿ ಬಳಕೆಯಲ್ಲಿತ್ತು.

ಹಾಗೆಂದು ಹೋಲಿಕೆಯನ್ನು ತಳ್ಳಿಹಾಕುವಂತಿಲ್ಲ. ಗ್ರೀಕಿನಲ್ಲಿ ನೀರು ಉಕ್ಕಿ ಮೊರೆಯುವುದಕ್ಕೆ ‘ಮೊರ್ಮುರೊ’ ಎಂಬ ಕ್ರಿಯಾಪದವಿದ್ದು, ಲ್ಯಾಟಿನ್, ಗ್ರೀಕ್, ಸಂಸ್ಕೃತ ಮೂರರಲ್ಲಿಯೂ ಕಾಣುವ ಈ ಇಮ್ಮಡಿಸಿದ ರೂಪವನ್ನು ನಿಘಂಟುಕಾರರು ಒಂದೇ ಇಂಡೋ-ಯುರೋಪಿಯನ್ ಮೂಲಕ್ಕೆ ಜೋಡಿಸುವುದುಂಟು. ಆದರೆ ಅನುಕರಣ ಪದಗಳಿಗೆ ವಂಶಾವಳಿ ಬರೆಯುವಾಗ ತುಸು ಎಚ್ಚರ ಬೇಕೆಂದು ನನ್ನ ಅಭಿಪ್ರಾಯ. ತುಟಿ ಮುಚ್ಚಿ ಹೊರಡಿಸುವ ಮಕಾರಕ್ಕೆ ರಕಾರ ಸೇರಿದರೆ ಇಂಥ ಪದ ಯಾವ ನೆಲದಲ್ಲಿಯೂ ಹುಟ್ಟಬಹುದು. ಇಂಡೋ-ಯುರೋಪಿಯನ್ ಭಾಷಾಕುಟುಂಬಕ್ಕೆ ಸೇರದ ತಮಿಳಿನಲ್ಲಿಯೂ ಗೊಣಗುವುದಕ್ಕೆ ‘ಮುರುಮುರು’ ಎಂಬ ಮಾತಿದೆ.

ಅರ್ಥದಲ್ಲಂತೂ ಎರಡರ ನಡುವೆ ಅಂತರವಿದೆ. ‘ಅಮರಕೋಶ’ವು ಬಟ್ಟೆ ಮತ್ತು ಎಲೆಗಳ ಸದ್ದನ್ನು ಮರ್ಮರವೆಂದು ಕರೆದು, ಆಭರಣಗಳ ಸದ್ದಿಗೆ ‘ಶಿಂಜಿತ’ ಎಂಬ ಬೇರೆ ಹೆಸರು ಕೊಡುತ್ತದೆ. ಒಣ ಎಲೆಯ ಆ ಸರಸರ ಸದ್ದಿಗೆ ಇಂಗ್ಲಿಷಿನವರು ಸಾಮಾನ್ಯವಾಗಿ ಬಳಸುವುದು ‘ರಸಲ್’ ಎಂಬ ಪದವನ್ನು. ‘ಮರ್ಮರ್’ ಹೆಚ್ಚಾಗಿ ಹೊಂದುವುದು ಹರಿಯುವ ತೊರೆಗೆ, ಜೇನ್ನೊಣಗಳ ಗುಂಯ್‌ಗುಡುವಿಕೆಗೆ, ದೂರದ ಜನಜಂಗುಳಿಯ ಗುಜುಗುಜಿಗೆ, ಅಂದರೆ ಕಡಿಯದೆ ಸಾಗುವ ತಗ್ಗಿದ ನಾದಕ್ಕೆ.

ಇನ್ನು ಮನುಷ್ಯರ ವಿಷಯ. ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕಿದ್ದ ಹಳೆಯ ಅರ್ಥ ಅಸಮಾಧಾನದಿಂದ ಗೊಣಗುವುದು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ಅರಣ್ಯದಲ್ಲಿ ಹಸಿದ ಇಸ್ರಾಯೇಲ್ಯರು ಮೋಶೆ ಆರೋನರ ಮೇಲೆ ‘ಮರ್ಮರ್’ ಮಾಡುತ್ತಾರೆ; ಕನ್ನಡ ಬೈಬಲ್ಲಿನಲ್ಲಿ ಅವರು ‘ಗುಣುಗುಟ್ಟು’ತ್ತಾರೆ. ಅದೂ ಅನುಕರಣ ಪದವೇ ಆಗಿರುವುದರಿಂದ ಅದಕ್ಕಿಂತ ಒಳ್ಳೆಯ ಅನುವಾದ ನನಗೆ ತೋಚದು. ಇಂದು ಹೆಚ್ಚು ಬಳಕೆಯಲ್ಲಿರುವ ಅರ್ಥದಲ್ಲಿ ದೂರಿನ ಛಾಯೆ ಇರಲೇಬೇಕೆಂದಿಲ್ಲ: ಪ್ರೀತಿಯ ಮಾತನ್ನೂ ಪ್ರಾರ್ಥನೆಯನ್ನೂ ಮೆಲುದನಿಯಲ್ಲಿ ನುಡಿಯಬಹುದು.

ಇದನ್ನು ‘ಪಿಸುಗುಟ್ಟು’ ಎಂದು ಅನುವಾದಿಸುವ ರೂಢಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕೊರಳಿನ ಮೇಲೆ ಬೆರಳಿಟ್ಟುಕೊಂಡು ಒಂದೇ ವಾಕ್ಯವನ್ನು ಮೊದಲು ಪಿಸುಮಾತಿನಲ್ಲಿ, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿ ನೋಡಿ. ಪಿಸುಮಾತಿನಲ್ಲಿ ಬರಿಯ ಉಸಿರಾಡುತ್ತದೆ, ಧ್ವನಿತಂತುಗಳು ಕಂಪಿಸುವುದಿಲ್ಲ. ತಗ್ಗಿದ ದನಿಯಲ್ಲಿ ಕಂಪನ ಬೆರಳಿಗೆ ಸಿಗುತ್ತದೆ. ಧ್ವನಿವಿಜ್ಞಾನಿಗಳು ಹಿಂದಿಯ ಘ, ಧ, ಭಗಳಂಥ ಮಹಾಪ್ರಾಣಗಳನ್ನು ವರ್ಣಿಸಲು ಇದೇ ‘ಮರ್ಮರ್’ ಪದವನ್ನು ಆರಿಸಿಕೊಂಡಿರುವುದೂ, ಅಲ್ಲಿ ತಂತುಗಳು ಸಡಿಲವಾಗಿ ಕಂಪಿಸುತ್ತಿರುವಾಗಲೇ ಉಸಿರು ಧಾರಾಳವಾಗಿ ಹೊರಬೀಳುತ್ತದೆ ಎಂಬ ಕಾರಣಕ್ಕೇ.