ಓದುಗರ ಪ್ರಶ್ನೆಗೆ ಉತ್ತರ: ತಂಡದ ಮುಖ್ಯಸ್ಥ ಮೆತ್ತಗಿರಬೇಕೇ?

ಪ್ರಶ್ನೆ: ಕೆಲಸದಲ್ಲಿ ಚುರುಕು ಎಂಬ ಕಾರಣಕ್ಕೆ ನನಗೆ ಬಡ್ತಿ ಕೊಟ್ಟು, ಜೊತೆಯಲ್ಲೇ ಕೆಲಸ ಮಾಡುತ್ತಿದ್ದವರಿಗೆ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ನಾನಿದ್ದರೆ ಎಲ್ಲವೂ ಸರಿಯಾಗಿ ನಡೆಯುತ್ತದೆ, ರಜೆ ಹಾಕಿದರೆ ಕಡತಗಳು ಇದ್ದಲ್ಲೇ ಉಳಿಯುತ್ತವೆ. ತರಬೇತಿಯೊಂದರಲ್ಲಿ ‘ಭಾವನಾತ್ಮಕ ಬುದ್ಧಿಮತ್ತೆ ಬೆಳೆಸಿಕೊಳ್ಳಿ’ ಎಂದರು. ಎಲ್ಲರೊಂದಿಗೂ ಮೆತ್ತಗೆ ನಡೆದುಕೊಳ್ಳಬೇಕು ಎಂದು ಇದರ ಅರ್ಥವೇ?

ಉತ್ತರ: ಅಲ್ಲ. ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಮನೋವಿಜ್ಞಾನಿಗಳು 1990ರಲ್ಲಿ ಈ ಪರಿಕಲ್ಪನೆಯನ್ನು ಮುಂದಿಟ್ಟಾಗ ಅವರು ಮಾತಾಡಿದ್ದು ಸ್ವಭಾವದ ಮೃದುತ್ವದ ಬಗ್ಗೆ ಅಲ್ಲ, ಒಂದು ಸಾಮರ್ಥ್ಯದ ಬಗ್ಗೆ: ತನ್ನ ಮತ್ತು ಇತರರ ಭಾವನೆಗಳನ್ನು ಗಮನಿಸುವುದು, ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವುದು, ಆ ತಿಳಿವಳಿಕೆಯನ್ನು ಯೋಚನೆಗೂ ನಡೆಗೂ ಬಳಸಿಕೊಳ್ಳುವುದು. ಮೀಟಿಂಗಿನಲ್ಲಿ ಇಬ್ಬರು ಬಾಯಿ ಬಿಡದೆ ಕುಳಿತಿದ್ದಾರೆ ಎಂದುಕೊಳ್ಳಿ. ಒಬ್ಬರದು ಅಸಮಾಧಾನ, ಇನ್ನೊಬ್ಬರದು ವಿಷಯವೇ ಅರ್ಥವಾಗದ ಗೊಂದಲ. ಮೊದಲನೆಯವರ ಅಹವಾಲನ್ನು ಕೇಳಬೇಕು, ಎರಡನೆಯವರಿಗೆ ಕೆಲಸವನ್ನು ಬಿಡಿಸಿ ಹೇಳಬೇಕು. ಈ ವ್ಯತ್ಯಾಸ ಕಾಣದೆ ಇಬ್ಬರಿಗೂ ಒಂದೇ ಸಿಹಿಮಾತು ಆಡುವವರನ್ನು ಮೃದು ಸ್ವಭಾವದವರು ಎನ್ನಬಹುದೇ ಹೊರತು ಈ ಸಾಮರ್ಥ್ಯ ಉಳ್ಳವರು ಎನ್ನಲಾಗದು.

ನೀವಿಲ್ಲದಾಗ ಕೆಲಸ ನಿಲ್ಲುವುದು ಹೊಸ ಸಂಗತಿಯೇನಲ್ಲ. ಮನೋವಿಜ್ಞಾನಿಗಳಾದ ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ ಅವರು 1939ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಹುಡುಗರ ಸಣ್ಣ ಗುಂಪುಗಳನ್ನು ಮೂರು ಬಗೆಯ ನಾಯಕರ ಕೈಗೆ ಒಪ್ಪಿಸಿದ್ದರು: ಎಲ್ಲವನ್ನೂ ತಾನೇ ನಿರ್ಧರಿಸುವವನು, ಗುಂಪಿನೊಂದಿಗೆ ಚರ್ಚಿಸಿ ನಿರ್ಧರಿಸುವವನು, ಯಾವುದಕ್ಕೂ ಕೈಹಾಕದೆ ಬಿಟ್ಟುಬಿಡುವವನು. ನಿರಂಕುಶ ನಾಯಕ ಎದುರಿಗಿದ್ದಷ್ಟು ಹೊತ್ತು ಅವನ ಗುಂಪು ತಲೆ ತಗ್ಗಿಸಿ ದುಡಿಯುತ್ತಿತ್ತು, ಅವನು ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಗಣನೀಯವಾಗಿ ಕುಸಿಯುತ್ತಿತ್ತು. ಚರ್ಚಿಸಿ ನಡೆಸುವವನ ಗುಂಪಿನಲ್ಲಿ ನಾಯಕ ಇದ್ದರೂ ಇಲ್ಲದಿದ್ದರೂ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಬಿಟ್ಟುಬಿಡುವುದೇ ಮದ್ದು ಎಂದು ತಿಳಿಯಬೇಡಿ. ಮೂರನೆಯ ಬಗೆಯ ಗುಂಪು ಕೆಲಸದಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಿತ್ತು.

ನೀವು ದರ್ಪದ ಮುಖ್ಯಸ್ಥರೆಂದು ನನಗೆ ಅನ್ನಿಸುವುದಿಲ್ಲ. ಭಾವನಾತ್ಮಕ ಬುದ್ಧಿಮತ್ತೆಯನ್ನು ಜನಪ್ರಿಯಗೊಳಿಸಿದ ಲೇಖಕ ಡೇನಿಯಲ್ ಗೋಲ್‌ಮನ್ ಅವರು 2000ದಲ್ಲಿ ಬರೆದ ಲೇಖನವೊಂದರಲ್ಲಿ ನಾಯಕತ್ವದ ಆರು ಶೈಲಿಗಳನ್ನು ವಿವರಿಸಿ, ಅವುಗಳಲ್ಲಿ ಎರಡು ತಂಡದ ವಾತಾವರಣವನ್ನು ಸಾಮಾನ್ಯವಾಗಿ ಕೆಡಿಸುತ್ತವೆ ಎಂದರು. ಒಂದು, ಬರೀ ಆಜ್ಞೆಯಿಂದ ನಡೆಸುವುದು. ಇನ್ನೊಂದು, ತಾನೇ ಎಲ್ಲರಿಗಿಂತ ಚೆನ್ನಾಗಿ, ವೇಗವಾಗಿ ಮಾಡಿ ತೋರಿಸಿ, ಉಳಿದವರೂ ಅದೇ ಮಟ್ಟಕ್ಕೆ ಬರಲಿ ಎಂದು ನಿರೀಕ್ಷಿಸುವುದು. ನಿಮ್ಮ ಪತ್ರದಲ್ಲಿ ಈ ಎರಡನೆಯದರ ವಾಸನೆ ಇದೆ. ಕೆಲಸಗಾರಿಕೆಗಾಗಿ ಬಡ್ತಿ ಪಡೆದವರು ಬಹುಪಾಲು ಇದೇ ದಾರಿ ಹಿಡಿಯುತ್ತಾರೆ, ಏಕೆಂದರೆ ಅವರಿಗೆ ಬಡ್ತಿ ತಂದುಕೊಟ್ಟದ್ದೇ ಅದು.

ಕಿರಿಯರೊಬ್ಬರು ಸಂಜೆ ನಿಮ್ಮ ಮೇಜಿನ ಬಳಿ ಬಂದು, ‘ಸರ್, ಬೆಳಿಗ್ಗೆ ಕಳಿಸಿದ ಲೆಕ್ಕದಲ್ಲಿ ತಪ್ಪಾಗಿದೆ’ ಎನ್ನುತ್ತಾರೆ. ‘ಇಲ್ಲಿ ಕೊಡಿ, ನಾನೇ ಸರಿಮಾಡುತ್ತೇನೆ’ ಎಂದು ನೀವು ಕೈಚಾಚುತ್ತೀರಿ. ಲೆಕ್ಕ ಬೇಗ ಸರಿಹೋಗುತ್ತದೆ, ನಿಜ. ಆದರೆ ನಿಮ್ಮ ದನಿಯಲ್ಲಿದ್ದ ಬೇಸರವನ್ನು ಅವರು ಕೇಳಿಸಿಕೊಂಡಿರುತ್ತಾರೆ. ಮುಂದಿನ ಸಲ ತಪ್ಪು ಕಂಡರೂ ಹೇಳುವ ಮುನ್ನ ಎರಡು ಬಾರಿ ಯೋಚಿಸುತ್ತಾರೆ, ನೀವಿಲ್ಲದ ದಿನ ಅದನ್ನು ಮುಟ್ಟುವುದೇ ಇಲ್ಲ. ಅದರ ಬದಲು ‘ಹೇಳಿದ್ದು ಒಳ್ಳೆಯದಾಯಿತು, ಹೇಗೆ ಸರಿಮಾಡೋಣ ಅನ್ನಿಸುತ್ತದೆ ನಿಮಗೆ?’ ಎಂದು ಕೇಳಲು ಸಮಯ ತುಸು ಹೆಚ್ಚು ಹಿಡಿಯುತ್ತದೆ. ಹಾಗೆ ಕೇಳಬೇಕಾದರೆ ಮೊದಲು ನಿಮ್ಮ ಬೇಸರ ನಿಮ್ಮ ಅರಿವಿಗೆ ಬರಬೇಕು. ಭಾವನಾತ್ಮಕ ಬುದ್ಧಿಮತ್ತೆಯ ಕೆಲಸ ಶುರುವಾಗುವುದೇ ಆ ಕ್ಷಣದಲ್ಲಿ.

ತಪ್ಪು ಹೇಳಿಕೊಳ್ಳಲು ಧೈರ್ಯವಿರುವ ತಂಡ ಮೇಲ್ನೋಟಕ್ಕೆ ಹೆಚ್ಚು ತಪ್ಪು ಮಾಡುವಂತೆ ಕಾಣುವುದೂ ಉಂಟು. ಸಂಶೋಧಕಿ ಎಮಿ ಎಡ್ಮಂಡ್‌ಸನ್ ಅವರು ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಪರಿಶೀಲಿಸಿದಾಗ, ಉತ್ತಮ ನಾಯಕತ್ವವಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳವರು ಅವನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದದ್ದೇ ಇದಕ್ಕೆ ಕಾರಣವಿರಬೇಕೆಂದು ಅವರು ಕಂಡುಕೊಂಡರು. ನಿಮ್ಮ ತಂಡದಲ್ಲೂ ಆರಂಭದಲ್ಲಿ ಹೇಳಿಕೊಂಡ ತಪ್ಪುಗಳ ಸಂಖ್ಯೆ ಏರಿದರೆ ಗಾಬರಿಯಾಗಬೇಡಿ.

ಪ್ರಶ್ನೆ: ತುರ್ತು ಪರಿಸ್ಥಿತಿಯಲ್ಲೂ ಎಲ್ಲರ ಅಭಿಪ್ರಾಯ ಕೇಳುತ್ತ ಕೂರಬೇಕೇ?

ಉತ್ತರ: ಖಂಡಿತ ಬೇಡ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಸ್ಪಷ್ಟವಾದ ಆಜ್ಞೆಯೇ ದಯೆ. ಕಾಲಮಿತಿ ಇದ್ದ ಮಾತ್ರಕ್ಕೆ ಪ್ರತಿಯೊಂದು ಕೆಲಸವನ್ನೂ ತುರ್ತು ಎಂದು ಕರೆಯುವುದು ಮಾತ್ರ ಬೇರೆ ಮಾತು. ಅನೇಕ ಕಚೇರಿಗಳಲ್ಲಿ ತುರ್ತು ಎಂಬುದು ಮುಖ್ಯಸ್ಥರ ಅಸಹನೆಗೆ ಇಟ್ಟ ಮರ್ಯಾದೆಯ ಹೆಸರು.

ಪ್ರಶ್ನೆ: ನಮ್ಮ ಮೇಲಧಿಕಾರಿಗೆ ಎಲ್ಲರ ಮನೆಯ ಕಷ್ಟವೂ ಗೊತ್ತು. ಆತ್ಮೀಯವಾಗಿ ಮಾತಾಡಿಸಿ ವಿಷಯ ತಿಳಿದುಕೊಳ್ಳುತ್ತಾರೆ, ಬೇಕಾದಾಗ ಅದನ್ನೇ ಎತ್ತಿ ಹೆಚ್ಚಿನ ಕೆಲಸ ಹೊರಿಸುತ್ತಾರೆ. ಇದೂ ಭಾವನಾತ್ಮಕ ಬುದ್ಧಿಮತ್ತೆಯೇ?

ಉತ್ತರ: ಸಾಮರ್ಥ್ಯದ ಲೆಕ್ಕದಲ್ಲಿ, ಹೌದು, ಈ ಮಾತು ಹಲವರಿಗೆ ರುಚಿಸಲಾರದು. ಇನ್ನೊಬ್ಬರ ಮನಸ್ಸನ್ನು ಓದಬಲ್ಲವರು ಅದನ್ನು ಸಂತೈಸಲೂ ಬಳಸಬಹುದು, ಹಿಂಡಲೂ ಬಳಸಬಹುದು. ಈ ಸಾಮರ್ಥ್ಯವನ್ನು ಸದ್ಗುಣವೆಂದೇ ಪ್ರಚಾರ ಮಾಡುವ ತರಬೇತಿಗಳು ಇಲ್ಲಿ ಜಾರುತ್ತವೆ. ಉದ್ದೇಶವನ್ನು ಅಳೆಯುವ ಪ್ರಶ್ನೆ ಈ ಸಾಮರ್ಥ್ಯ ಅಳೆಯಲು ಅವು ಬಳಸುವ ಪ್ರಶ್ನಾವಳಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ; ಎಷ್ಟೋ ಪ್ರಶ್ನಾವಳಿಗಳು ‘ನೀವು ಇತರರ ಭಾವನೆಗಳನ್ನು ಬಲ್ಲಿರಾ?’ ಎಂದು ಪರೀಕ್ಷೆಗೆ ಕೂತವರನ್ನೇ ಕೇಳಿ, ಅವರು ಕೊಟ್ಟ ಉತ್ತರಕ್ಕೆ ಅಂಕ ಹಾಕುತ್ತವೆ.

ನಿಮ್ಮ ಮಟ್ಟಿಗೆ ಮಾಡಬಹುದಾದದ್ದು ಇಷ್ಟು: ಮನೆಯ ಸಂಗತಿಯನ್ನು ಕೆಲಸದ ಹಂಚಿಕೆಯೊಂದಿಗೆ ಅವರು ಬೆರೆಸಿದಾಗಲೆಲ್ಲ ಮಾತನ್ನು ಕೆಲಸಕ್ಕೇ ಹಿಂತಿರುಗಿಸಿ. ‘ಮನೆಯ ವಿಷಯ ನಾನು ನೋಡಿಕೊಳ್ಳುತ್ತೇನೆ ಸರ್. ಈ ಕೆಲಸ ಯಾವಾಗ ಮುಗಿಯಬೇಕು, ಇದಕ್ಕಾಗಿ ಈಗಿರುವ ಯಾವ ಕೆಲಸವನ್ನು ಮುಂದೂಡಲಿ?’ ಎಂದು ಕೇಳಿ, ಒಪ್ಪಿಕೊಂಡದ್ದನ್ನು ಅದೇ ದಿನ ಇಮೇಲಿನಲ್ಲಿ ಬರೆದು ಕಳಿಸಿ. ಸಹೋದ್ಯೋಗಿಗಳಿಗೂ ಇದೇ ಅನುಭವವಾಗಿದ್ದರೆ, ಕೆಲಸದ ಹಂಚಿಕೆಯನ್ನು ಎಲ್ಲರ ಎದುರು ಮೀಟಿಂಗಿನಲ್ಲೇ ಮಾಡಬೇಕೆಂದು ಒಟ್ಟಾಗಿ ಕೇಳುವುದು ಒಬ್ಬರೇ ಹೋಗಿ ದೂರುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.