ಜಾನ್ ಡೆನ್ವರ್ ಗ್ರೇಟೆಸ್ಟ್ ಹಿಟ್ಸ್: ಯಾವುದು ಕೊಳ್ಳಬೇಕು?

ಅಮೆರಿಕದ ಗಾಯಕ ಜಾನ್ ಡೆನ್ವರ್ ಅವರ ಜನಪ್ರಿಯ ಹಾಡುಗಳ ಸಂಕಲನವಾದ 1973ರ ಗ್ರೇಟೆಸ್ಟ್ ಹಿಟ್ಸ್‌ನಲ್ಲಿ 'ಆನೀಸ್ ಸಾಂಗ್' ಯಾಕಿಲ್ಲ, 'ಲೀವಿಂಗ್ ಆನ್ ಎ ಜೆಟ್ ಪ್ಲೇನ್' ಯಾಕೆ ಬೇರೆ ಥರ ಕೇಳಿಸುತ್ತದೆ ಎಂದು ಕೇಳಿದ್ದೀರಿ. ಮೊದಲನೆಯದು ಸುಲಭ. ಆ ಹಾಡು ಬಂದದ್ದೇ 1974ರಲ್ಲಿ. ಅದು 1977ರ ಎರಡನೇ ಸಂಪುಟದಲ್ಲಿದೆ.

ಎರಡನೆಯದು ನನಗೆ ತುಂಬ ಇಷ್ಟದ ವಿಷಯ. ಡೆನ್ವರ್ ಹಳೆಯ ಹಾಡುಗಳನ್ನು ಸುಮ್ನೆ ಜೋಡಿಸಲಿಲ್ಲ. ಗಾಯಕನಾಗಿ ತಾನು ಬೆಳೆದಿದ್ದೇನೆ ಅನ್ನಿಸಿ, ಕೆಲವನ್ನು ಹೊಸದಾಗಿ ಹಾಡಿ ರೆಕಾರ್ಡ್ ಮಾಡಿದರು. 'ಲೀವಿಂಗ್ ಆನ್ ಎ ಜೆಟ್ ಪ್ಲೇನ್' ಕೂಡ ಅಂಥದ್ದೇ. 1969ರ 'ರೈಮ್ಸ್ ಅಂಡ್ ರೀಸನ್ಸ್' ಆಲ್ಬಮ್‌ನಲ್ಲಿರುವುದು ಅದರ ಹಳೆಯ ರೂಪ. ಎರಡನ್ನೂ ಒಂದರ ಹಿಂದೊಂದು ಕೇಳಿ. ಹೊಸದರಲ್ಲಿ ದನಿ ಎಷ್ಟು ನಿರಾಳವಾಗಿದೆ, ಅಲ್ವಾ? ಒಂದೇ ಕೊಳ್ಳುವುದಾದರೆ 1973ರದ್ದನ್ನೇ ಕೊಳ್ಳಿ. 'ಕಂಟ್ರಿ ರೋಡ್ಸ್', 'ರಾಕಿ ಮೌಂಟನ್ ಹೈ' ಎರಡೂ ಅದರಲ್ಲೇ ಇವೆ.