ಡ್ಯಾನಿಶ್‌ನ 'ಹೆಮ್ಮೆಲಿ'ಯೊಳಗೆ ಮನೆ ಇದೆಯಾ?

ಡ್ಯಾನಿಶ್‌ನಲ್ಲಿ ಗುಟ್ಟಿನ ಎನ್ನುವ ಅರ್ಥದ 'ಹೆಮ್ಮೆಲಿ' (ಬರೆಯುವಾಗ ಕೊನೆಗೊಂದು ಗ್ ಇರುತ್ತದೆ, ಉಚ್ಚಾರದಲ್ಲಿ ಇಲ್ಲ) ಪದಕ್ಕೂ ಮನೆ ಎನ್ನುವ 'ಯೆಮ್' ಪದಕ್ಕೂ ನಂಟಿದೆಯಾ ಎಂದು ಕೇಳಿದ್ದೀರಿ. ಇದೆ, ಆದರೆ ತಾಯಿ ಮಗಳ ನಂಟಲ್ಲ, ದಾಯಾದಿ ನಂಟು.

'ಯೆಮ್' ಡ್ಯಾನಿಶ್‌ನದೇ ಹಳೆಯ ಪದ. 'ಹೆಮ್ಮೆಲಿ' ಮಾತ್ರ ಹೊರಗಿನಿಂದ ಬಂದದ್ದು. ಮಧ್ಯಯುಗದಲ್ಲಿ ಹಾನ್ಸಾ ಎಂಬ ವ್ಯಾಪಾರಿ ನಗರಗಳ ಕೂಟದ ವ್ಯಾಪಾರಿಗಳ ಭಾಷೆಯಾಗಿದ್ದ ಕೆಳ ಜರ್ಮನ್‌ನಿಂದ (ಉತ್ತರ ಜರ್ಮನಿಯ ಭಾಷೆ) ಡ್ಯಾನಿಶ್‌ಗೆ ರಾಶಿ ರಾಶಿ ಪದಗಳು ಬಂದವು. ಅದರಲ್ಲಿ 'ಹೇಮೆಲಿಕ್' ಕೂಡ ಒಂದು. ಅದರ ಮೊದಲ ಅರ್ಥ ಮನೆಗೆ ಸೇರಿದ್ದು, ಮನೆಯವರದ್ದು ಅಂತ. ಮನೆಯವರಿಗಷ್ಟೇ ಗೊತ್ತಿರುವುದು ಹೊರಗಿನವರಿಗೆ ಗೊತ್ತಿಲ್ಲ ಅಲ್ವಾ? ಅಲ್ಲಿಂದಲೇ ಗುಟ್ಟು ಎನ್ನುವ ಅರ್ಥ ಹುಟ್ಟಿತು. ನಾವು 'ಮನೆ ಗುಟ್ಟು' ಅನ್ನುವಾಗಲೂ ಇದೇ ಭಾವ. ಜರ್ಮನ್‌ನ 'ಹೈಮ್ಲಿಶ್' ಸಹ ಇದೇ ದಾರಿ ಹಿಡಿದಿದೆ. 'ಹೆಮ್ಮೆಲಿಹೆಡ್' (ಗುಟ್ಟು) ಪದದ ಕೊನೆಯ 'ಹೆಡ್' ಕೂಡ ಕೆಳ ಜರ್ಮನ್‌ನಿಂದಲೇ ಬಂದ ಪ್ರತ್ಯಯ.

ನನಗೆ ಇನ್ನೂ ಜಾಸ್ತಿ ಇಷ್ಟವಾದದ್ದು ಗುಟ್ಟು ಎನ್ನುವ ಅರ್ಥದ, ಡ್ಯಾನಿಶ್‌ನ ಸ್ವಂತ ಪದ 'ಲೋನ್'. ಮರೆಮಾಡುವುದು ಎನ್ನುವ ಹಳೆಯ ನಾರ್ಸ್ (ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆ) ಪದ 'ಲೇಯ್ನಾ'ದ ಬಳಗ ಅದು. ಈಗ 'ಲೋನ್' ಅಂದರೆ ಜನ ಸಂಬಳ ಅಂತಲೇ ತಿಳಿಯುತ್ತಾರೆ, ಅದು ಬೇರೆಯದೇ ಪದ. ಗುಟ್ಟಿನ 'ಲೋನ್' ಉಳಿದಿರುವುದು 'ಲೋನ್‌ಕಾಮರ್', ಅಂದರೆ ಒಳಗಿನ ಖಾಸಗಿ ಕೋಣೆ, ಇಂಥ ಕೆಲವು ಕೂಡುಪದಗಳಲ್ಲಿ.